ಫ್ಯಾರಡೆಯ ತಂತಿ ಸುರುಳಿ ಮತ್ತು ಮಹಿಳೆಯರು ಹೇಳಿಕೊಳ್ಳದ ತೊಂದರೆ

ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ, ತುಂಬಿದ ಕೊಡ ಎತ್ತಿದಾಗ ಅರಿವಿಲ್ಲದಂತೆ ಮೂತ್ರ ಸೋರುವ ತೊಂದರೆ ಹೆರಿಗೆಯಾದ ಹಾಗೂ ಮುಟ್ಟು ನಿಂತ ಮಹಿಳೆಯರಲ್ಲಿ ಅಪರೂಪವೇನಲ್ಲ. ಅಪರೂಪವಾಗಿರುವುದು ಅದರ ಬಗೆಗಿನ ಮಾತು. ದೂರದ ಬಸ್ ಪ್ರಯಾಣವನ್ನು, ಮದುವೆ ಮನೆಯನ್ನು, ದೇವಸ್ಥಾನದ ಸರತಿ ಸಾಲನ್ನು ಏನೋ ಒಂದು ನೆಪ ಹೇಳಿ ತಪ್ಪಿಸಿಕೊಳ್ಳುವ ಎಷ್ಟೋ ಗೃಹಿಣಿಯರು ನಿಜವಾದ ಕಾರಣವನ್ನು ಗಂಡನಿಗಾಗಲಿ, ಮಗಳಿಗಾಗಲಿ, ಕೊನೆಗೆ ವೈದ್ಯರಿಗಾಗಲಿ ಹೇಳುವುದಿಲ್ಲ.

ಇಂಥವರಿಗಾಗಿ ಕಳೆದ ಎರಡೂವರೆ ದಶಕಗಳಿಂದ ಬಳಕೆಗೆ ಬಂದಿರುವ ಚಿಕಿತ್ಸೆಗಳಲ್ಲಿ ಒಂದು ಕಾಂತೀಯ ಪ್ರಚೋದನೆ. ಇದರಲ್ಲಿ ಕತ್ತರಿಯಿಲ್ಲ, ಸೂಜಿಯಿಲ್ಲ, ದೇಹದೊಳಕ್ಕೆ ಯಾವ ಉಪಕರಣವನ್ನೂ ತೂರಿಸುವುದಿಲ್ಲ. ಉಟ್ಟ ಬಟ್ಟೆಯಲ್ಲಿಯೇ ಒಂದು ಕುರ್ಚಿಯ ಮೇಲೆ ಕೆಲವು ನಿಮಿಷ ಕುಳಿತರೆ ಸಾಕು. ಆಸನದ ಕೆಳಗೆ ಅಡಗಿರುವುದು ಒಂದು ತಂತಿ ಸುರುಳಿ. ಆ ಸುರುಳಿ ಕೆಲಸ ಮಾಡುವ ನಿಯಮವನ್ನು 1831ರಲ್ಲಿ ಲಂಡನ್ನಿನ ನೆಲಮಾಳಿಗೆಯ ಪ್ರಯೋಗಾಲಯವೊಂದರಲ್ಲಿ ಕಂಡುಹಿಡಿದವರು ಮೈಕೆಲ್ ಫ್ಯಾರಡೆ. ಅವರು ವೈದ್ಯರಲ್ಲ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರೂ ಅಲ್ಲ. ಕಮ್ಮಾರನ ಮಗ.

ಕುಲುಮೆಯ ಮನೆಯಿಂದ ಪುಸ್ತಕದಂಗಡಿಗೆ

ಮೈಕೆಲ್ ಫ್ಯಾರಡೆ ಜನಿಸಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಅಂಚಿನಲ್ಲಿದ್ದ ನ್ಯೂಯಿಂಗ್‌ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರ ವೃತ್ತಿಯವರು. ಉತ್ತರ ಇಂಗ್ಲೆಂಡಿನ ಹಳ್ಳಿಯಿಂದ ಬದುಕನ್ನು ಅರಸಿ ರಾಜಧಾನಿಗೆ ಬಂದಿದ್ದ ಅವರಿಗೆ ಸುತ್ತಿಗೆ ಎತ್ತುವಷ್ಟು ಆರೋಗ್ಯವೇ ಇರಲಿಲ್ಲ. ತಾಯಿ ಮಾರ್ಗರೆಟ್ ನಾಲ್ಕು ಮಕ್ಕಳ ಸಂಸಾರವನ್ನು ಹೇಗೋ ತೂಗಿಸಿದರು. 1801ರ ದುಬಾರಿ ದಿನಗಳಲ್ಲಿ ಬಾಲಕ ಮೈಕೆಲ್‌ನ ಪಾಲಿಗೆ ವಾರಕ್ಕೆ ಒಂದು ಬ್ರೆಡ್ಡು ಸಿಗುತ್ತಿತ್ತು. ಓದು, ಬರಹ ಹಾಗೂ ಅಲ್ಪಸ್ವಲ್ಪ ಲೆಕ್ಕ, ಇಷ್ಟೇ ಆತನಿಗೆ ದೊರೆತ ಶಾಲಾ ವಿದ್ಯೆ.

13ನೇ ವಯಸ್ಸಿನಲ್ಲಿ ಆತ ಜಾರ್ಜ್ ರಿಬೊ ಎಂಬುವರ ಪುಸ್ತಕದಂಗಡಿಗೆ ಪತ್ರಿಕೆ ಹಂಚುವ ಹುಡುಗನಾಗಿ ಸೇರಿದ. ಮರುವರ್ಷ ಅಲ್ಲಿಯೇ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಏಳು ವರ್ಷಗಳ ಕರಾರಿಗೆ ಒಳಪಟ್ಟ. ಹಗಲೆಲ್ಲ ಹೊಲಿದು ಅಂಟಿಸಿದ ಪುಸ್ತಕಗಳನ್ನು ಕೆಲಸ ಮುಗಿದ ಮೇಲೆ ಓದುವುದು ಆತನ ಅಭ್ಯಾಸವಾಯಿತು. ವಿಶ್ವಕೋಶವೊಂದರ ವಿದ್ಯುತ್ ಕುರಿತ ಲೇಖನ ಆತನ ಕಣ್ಣು ತೆರೆಸಿತು. ಇನ್ನೊಂದು ಪುಸ್ತಕ ಜೇನ್ ಮಾರ್ಸೆಟ್ ಎಂಬ ಲೇಖಕಿಯದು. ವಿಜ್ಞಾನದ ಬಾಗಿಲು ಮುಚ್ಚಿದ್ದ ಆ ಕಾಲದ ಹೆಣ್ಣುಮಕ್ಕಳಿಗಾಗಿಯೇ ಆಕೆ ರಸಾಯನಶಾಸ್ತ್ರವನ್ನು ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರ ಸಂಭಾಷಣೆಯ ರೂಪದಲ್ಲಿ ಬರೆದಿದ್ದರು. ಹೆಣ್ಣುಮಕ್ಕಳಿಗೆಂದು ಬರೆದ ಆ ಪುಸ್ತಕ ಬಡ ಹುಡುಗನೊಬ್ಬನನ್ನು ವಿಜ್ಞಾನಿಯಾಗಿಸಿತು. ಮುಂದೆ ಕೀರ್ತಿಯ ಶಿಖರ ಏರಿದಾಗಲೂ ಫ್ಯಾರಡೆ ಆಕೆಯನ್ನು ತಮ್ಮ ಮೊದಲ ಗುರುವೆಂದೇ ಗೌರವಿಸಿದರು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನಡೆಯುತ್ತಿದ್ದ ಸರ್ ಹಂಫ್ರಿ ಡೇವಿ ಅವರ ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ನಾಲ್ಕು ಉಪನ್ಯಾಸಗಳನ್ನು ಕೇಳಿದ ಯುವಕ ಅವುಗಳ ಟಿಪ್ಪಣಿಯನ್ನು ಚಿತ್ರಸಹಿತ ವಿಸ್ತರಿಸಿ ಬರೆದು, ತನ್ನ ಕೈಯಿಂದಲೇ ರಟ್ಟು ಕಟ್ಟಿ ಡೇವಿ ಅವರಿಗೆ ಕಳುಹಿಸಿ ಕೆಲಸ ಬೇಡಿದ. ಕೆಲವು ತಿಂಗಳ ನಂತರ ಪ್ರಯೋಗಾಲಯದಲ್ಲಿ ಸಹಾಯಕನ ಸ್ಥಾನ ತೆರವಾದಾಗ ಡೇವಿ ಆತನನ್ನು ಮರೆಯಲಿಲ್ಲ. 1813ರ ಮಾರ್ಚ್ 1ರಂದು ವಾರಕ್ಕೆ 25 ಶಿಲಿಂಗ್ ಸಂಬಳ ಮತ್ತು ಮೇಲಂತಸ್ತಿನಲ್ಲಿ ಎರಡು ಕೋಣೆಗಳ ವಾಸದೊಂದಿಗೆ ಫ್ಯಾರಡೆ ಅಲ್ಲಿಗೆ ಸೇರಿದರು. ಆ ಕಟ್ಟಡವೇ ಮುಂದಿನ ನಾಲ್ಕೂವರೆ ದಶಕಗಳ ಕಾಲ ಅವರ ಮನೆಯೂ ಕರ್ಮಭೂಮಿಯೂ ಆಯಿತು.

ಅವಮಾನದ ವರ್ಷಗಳು

ಅದೇ ವರ್ಷದ ಅಕ್ಟೋಬರ್‌ನಲ್ಲಿ ಡೇವಿ ದಂಪತಿಗಳು ಯೂರೋಪ್ ಪ್ರವಾಸ ಹೊರಟಾಗ ಫ್ಯಾರಡೆ ಜೊತೆಯಲ್ಲಿದ್ದರು. ಪ್ರಯೋಗ ಸಹಾಯಕನಾಗಿ ಹೊರಟವರು ಸೇವಕನ ಕೆಲಸವನ್ನೂ ಮಾಡಬೇಕಾಯಿತು. ಡೇವಿಯವರ ಪತ್ನಿ ಅವರನ್ನು ಆಳಿನಂತೆಯೇ ನಡೆಸಿಕೊಂಡರು. ಮನನೊಂದ ಯುವಕ ಅರ್ಧ ದಾರಿಯಿಂದಲೇ ಮರಳಿ ಬರುವ ಯೋಚನೆಯನ್ನೂ ಮಾಡಿದ್ದುಂಟು. ಆದರೆ ಆಂಪೇರ್, ವೋಲ್ಟಾ ಅವರಂಥ ಮಹನೀಯರನ್ನು ಕಾಣುವ ಭಾಗ್ಯಕ್ಕಾಗಿ ಅವಮಾನವನ್ನು ನುಂಗಿಕೊಂಡರು. 1815ರಲ್ಲಿ ಮರಳಿದಾಗ ಅವರ ಕೈಯಲ್ಲಿ ಹಣವಿರಲಿಲ್ಲ, ತಲೆಯಲ್ಲಿ ಯೂರೋಪಿನ ಅಂದಿನ ವಿಜ್ಞಾನವೆಲ್ಲ ತುಂಬಿತ್ತು.

1820ರಲ್ಲಿ ಡೆನ್ಮಾರ್ಕ್‌ನ ಅರ್ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ತೋರಿಸಿದರು. ವಿದ್ಯುತ್ತಿಗೂ ಕಾಂತಕ್ಕೂ ನಂಟಿದೆ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಮರುವರ್ಷವೇ ಫ್ಯಾರಡೆ ವಿದ್ಯುತ್ ಹರಿಯುವ ತಂತಿಯನ್ನು ಕಾಂತದ ಸುತ್ತ ನಿರಂತರವಾಗಿ ಸುತ್ತಿಸಿ, ಇಂದಿನ ವಿದ್ಯುತ್ ಮೋಟಾರಿನ ಮೂಲರೂಪವನ್ನು ತೋರಿಸಿಕೊಟ್ಟರು. ಆದರೆ ಅದೇ ವಿಷಯದಲ್ಲಿ ತೊಡಗಿದ್ದ ಹಿರಿಯ ವಿಜ್ಞಾನಿ ವೊಲಾಸ್ಟನ್ ಅವರ ಹೆಸರನ್ನು ಲೇಖನದಲ್ಲಿ ಉಲ್ಲೇಖಿಸಲಿಲ್ಲವೆಂಬ ಕಾರಣಕ್ಕೆ ಅನ್ಯರ ಆಲೋಚನೆಯನ್ನು ಕದ್ದ ಆರೋಪ ಅವರ ಮೇಲೆ ಬಂತು. 1824ರಲ್ಲಿ ಅವರನ್ನು ರಾಯಲ್ ಸೊಸೈಟಿಯ ಸದಸ್ಯರನ್ನಾಗಿ ಆರಿಸುವ ಸಂದರ್ಭದಲ್ಲಿ ಗುರು ಡೇವಿಯವರೇ ವಿರೋಧಿಸಿದರು. ಆದರೂ ಆಯ್ಕೆ ನಡೆಯಿತು. ಫ್ಯಾರಡೆ ಗುರುವಿನ ಬಗ್ಗೆ ಕಹಿ ಬೆಳೆಸಿಕೊಳ್ಳಲಿಲ್ಲ ಎಂಬುದು ಗಮನಾರ್ಹ.

ಈ ನಡುವೆ 1821ರ ಜೂನ್‌ನಲ್ಲಿ ಸಾರಾ ಬರ್ನಾರ್ಡ್ ಅವರೊಡನೆ ವಿವಾಹವಾಯಿತು. ಇಬ್ಬರೂ ಸ್ಯಾಂಡೆಮೇನಿಯನ್ ಎಂಬ ಪುಟ್ಟ ಕ್ರೈಸ್ತ ಪಂಗಡಕ್ಕೆ ಸೇರಿದವರು. ಸಂಪತ್ತು ಕೂಡಿಡುವುದನ್ನು ಒಪ್ಪದ ಪಂಗಡ ಅದು. ಮಕ್ಕಳಾಗದ ಆ ದಂಪತಿಗಳ ಬದುಕು ಕೊನೆಯವರೆಗೂ ಸರಳವಾಗಿಯೇ ಸಾಗಿತು.

ಮುಳ್ಳು ಅಲುಗಿದ ಕ್ಷಣ

ವಿದ್ಯುತ್ತಿನಿಂದ ಕಾಂತಶಕ್ತಿ ಹುಟ್ಟುವುದಾದರೆ ಕಾಂತದಿಂದ ವಿದ್ಯುತ್ ಏಕೆ ಹುಟ್ಟಬಾರದು ಎಂಬ ಪ್ರಶ್ನೆ ಸುಮಾರು ಹತ್ತು ವರ್ಷ ಫ್ಯಾರಡೆಯವರನ್ನು ಕಾಡಿತು. 1831ರ ಆಗಸ್ಟ್ 29ರಂದು ಉತ್ತರ ದೊರೆಯಿತು. ಅಂಗೈಗಿಂತ ತುಸು ದೊಡ್ಡದಾದ ಕಬ್ಬಿಣದ ಬಳೆಯೊಂದರ ಎರಡು ಬದಿಗೆ ಅವರು ತಾಮ್ರದ ತಂತಿಯನ್ನು ಸುತ್ತಿದ್ದರು. ತಂತಿಯ ಸುತ್ತುಗಳು ಒಂದಕ್ಕೊಂದು ತಾಗದಂತೆ ನಡುವೆ ಹುರಿ ಮತ್ತು ಕ್ಯಾಲಿಕೊ ಹತ್ತಿ ಬಟ್ಟೆಯನ್ನು ಇಟ್ಟಿದ್ದರು. ಒಂದು ಬದಿಯ ಸುರುಳಿಯನ್ನು ಬ್ಯಾಟರಿಗೆ ಜೋಡಿಸಿದಾಗ ಇನ್ನೊಂದು ಬದಿಯ ತಂತಿಯ ಬಳಿಯಿದ್ದ ಕಾಂತದ ಮುಳ್ಳು ಅಲುಗಿ ಮತ್ತೆ ಸ್ವಸ್ಥಾನಕ್ಕೆ ಮರಳಿತು. ಬ್ಯಾಟರಿಯನ್ನು ಬಿಡಿಸಿದಾಗ ಇನ್ನೊಮ್ಮೆ ಅಲುಗಿತು. ನಡುವಿನ ಅವಧಿಯಲ್ಲಿ, ವಿದ್ಯುತ್ ಒಂದೇ ಸಮನೆ ಹರಿಯುತ್ತಿದ್ದಾಗ, ಅದು ನಿಶ್ಚಲವಾಗಿತ್ತು.

ಅಕ್ಟೋಬರ್ 17ರಂದು ಇನ್ನೂ ಸರಳವಾದ ಪ್ರಯೋಗ ನಡೆಯಿತು. ಟೊಳ್ಳಾದ ಸುರುಳಿಯೊಳಗೆ ಕಾಂತದ ಸರಳನ್ನು ತೂರಿದಾಗ ಮುಳ್ಳು ಅಲುಗಿತು, ಹೊರಗೆಳೆದಾಗ ವಿರುದ್ಧ ದಿಕ್ಕಿಗೆ ಅಲುಗಿತು. ಕಾಂತವನ್ನು ಸುರುಳಿಯೊಳಗೆ ಸುಮ್ಮನೆ ಇಟ್ಟರೆ ಏನೂ ಆಗಲಿಲ್ಲ. ಕಾಂತ ಇರುವುದರಿಂದ ವಿದ್ಯುತ್ ಹುಟ್ಟುವುದಿಲ್ಲ, ಕಾಂತಕ್ಷೇತ್ರ ಬದಲಾಗುವುದರಿಂದ ಹುಟ್ಟುತ್ತದೆ. ವಿದ್ಯುತ್ಕಾಂತೀಯ ಪ್ರೇರಣೆ ಎಂದು ಶಾಲಾ ಪಠ್ಯಗಳಲ್ಲಿ ಮಕ್ಕಳು ಓದುವ ನಿಯಮ ಇದೇ. ಅಮೆರಿಕದ ಜೋಸೆಫ್ ಹೆನ್ರಿ ಅವರೂ ಇದೇ ಸತ್ಯವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರು, ಆದರೆ ಮೊದಲು ಪ್ರಕಟಿಸಿದವರು ಫ್ಯಾರಡೆ.

ಜಗತ್ತಿನ ಬಹುಪಾಲು ವಿದ್ಯುದಾಗಾರಗಳು ನಿಂತಿರುವುದು ಈ ನಿಯಮದ ಮೇಲೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ ಉತ್ಪಾದನೆಯಾದದ್ದೂ ಇದರಿಂದಲೇ. ಆದರೆ ಫ್ಯಾರಡೆ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ, ಯಂತ್ರ ಮಾಡಿ ಮಾರಲಿಲ್ಲ. ಕಂಡದ್ದನ್ನು ಬರೆದು ಎಲ್ಲರ ಮುಂದಿಟ್ಟು ಮುಂದಿನ ಪ್ರಯೋಗಕ್ಕೆ ನಡೆದರು.

ಅವರ ಜೀವಿತಕಾಲದಲ್ಲಿಯೇ ಈ ಆವಿಷ್ಕಾರ ರೋಗಿಯ ಹಾಸಿಗೆಯ ಬಳಿಗೂ ಬಂತು. ಫ್ರಾನ್ಸಿನ ವೈದ್ಯ ಡುಷೆನ್ ಪ್ರೇರಿತ ವಿದ್ಯುತ್ತನ್ನು ಚರ್ಮದ ಮೂಲಕ ಹಾಯಿಸಿ ನಿಶ್ಚಿತ ಸ್ನಾಯುಗಳನ್ನು ಒಂದೊಂದಾಗಿ ಕುಗ್ಗಿಸಿ ಪರೀಕ್ಷಿಸುವ ಕ್ರಮವನ್ನು ರೂಪಿಸಿ 1855ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಈ ಕ್ರಮಕ್ಕೆ ಫ್ಯಾರಡೆಯವರ ಹೆಸರೇ ಅಂಟಿಕೊಂಡಿತು. ಇಂದಿಗೂ ಫಿಸಿಯೋಥೆರಪಿ ಓದುವ ವಿದ್ಯಾರ್ಥಿಗಳು ಫ್ಯಾರಡಿಕ್ ಕರೆಂಟ್ ಎಂಬ ಪಾಠವನ್ನು ಕಲಿಯುತ್ತಾರೆ.

ಮರೆವನ್ನು ಮರೆಮಾಚದ ವಿಜ್ಞಾನಿ

1830ರ ದಶಕ ಫ್ಯಾರಡೆಯವರ ಪಾಲಿಗೆ ಬಿಡುವಿಲ್ಲದ ದುಡಿಮೆಯ ಕಾಲ. ವಿದ್ಯುದ್ವಿಭಜನೆಯ ನಿಯಮಗಳು, ಅಯಾನ್, ಆನೋಡ್, ಕ್ಯಾಥೋಡ್ ಮೊದಲಾದ ಪದಗಳು ಬಳಕೆಗೆ ಬಂದದ್ದು ಆಗಲೇ. ದಶಕದ ಕೊನೆಗೆ ದೇಹ ಕೈಕೊಟ್ಟಿತು. ತಲೆಸುತ್ತು, ಬಳಲಿಕೆ, ಎಲ್ಲಕ್ಕಿಂತ ಮಿಗಿಲಾಗಿ ಮರೆವು. ನಿನ್ನೆ ಮಾಡಿದ ಪ್ರಯೋಗ ಇಂದು ನೆನಪಿಗೆ ಬಾರದ ಸ್ಥಿತಿ. ಬುದ್ಧಿಯೇ ಬಂಡವಾಳವಾದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದಿಲ್ಲ.

ಅಂಥ ತೊಂದರೆಯನ್ನು ಮುಚ್ಚಿಡುವುದು ಸಹಜವಾಗಿತ್ತು. ಫ್ಯಾರಡೆ ಮುಚ್ಚಿಡಲಿಲ್ಲ. ಸ್ನೇಹಿತರಿಗೆ ಬರೆದ ಪತ್ರಗಳಲ್ಲಿ ತಮ್ಮ ಮರೆವನ್ನು ನೇರವಾಗಿ ಹೇಳಿಕೊಂಡರು, ಉಪನ್ಯಾಸಗಳನ್ನು ಕಡಿಮೆ ಮಾಡಿದರು, 1841ರಲ್ಲಿ ಪತ್ನಿಯೊಡನೆ ಸ್ವಿಟ್ಜರ್ಲೆಂಡಿಗೆ ವಿಶ್ರಾಂತಿಗೆ ತೆರಳಿದರು. ಪ್ರಯೋಗಗಳ ದಿನಚರಿಯನ್ನು ಪರಿಚ್ಛೇದಗಳಿಗೆ ಸಂಖ್ಯೆ ನೀಡಿ ಬರೆಯುವ ಅವರ ಕ್ರಮ ನೆನಪಿನ ಕೊರತೆಯನ್ನು ತುಂಬಿತು. ಆ ಸಂಖ್ಯೆ ಕೊನೆಗೆ 16 ಸಾವಿರವನ್ನು ದಾಟಿತು. ತೊಂದರೆ ಪೂರ್ಣ ಗುಣವಾಗಲಿಲ್ಲ. ಆದರೆ ಅದನ್ನು ಒಪ್ಪಿಕೊಂಡು, ಅದರೊಡನೆ ಬದುಕುವ ದಾರಿಯನ್ನು ಕಂಡುಕೊಂಡದ್ದರಿಂದ ಅವರು ಮತ್ತೆ ಎದ್ದು ನಿಂತರು. 1845ರಲ್ಲಿ ಬೆಳಕಿನ ಮೇಲೆ ಕಾಂತಕ್ಷೇತ್ರದ ಪ್ರಭಾವವನ್ನು ಕಂಡುಹಿಡಿದರು. ಕಾಂತದ ಪ್ರಭಾವ ಕಬ್ಬಿಣಕ್ಕೆ ಮಾತ್ರ ಸೀಮಿತವಲ್ಲ, ಗಾಜು, ಮರ, ಮಾಂಸ ಮುಂತಾದ ಎಲ್ಲ ವಸ್ತುಗಳ ಮೇಲೂ ಅಲ್ಪಸ್ವಲ್ಪ ಆಗುತ್ತದೆ ಎಂಬುದನ್ನು ತೋರಿಸಿದ್ದೂ ಅದೇ ವರ್ಷ.

ಹೇಳಲು ನಾಚಿಕೆಯಾಗುವ ವಿಷಯವನ್ನು ಸಮಾಜದ ಮುಂದೆ ಹೇಳುವುದಕ್ಕೂ ಅವರು ಹಿಂಜರಿಯಲಿಲ್ಲ. 1855ರಲ್ಲಿ ಥೇಮ್ಸ್ ನದಿಯಲ್ಲಿ ದೋಣಿಯಲ್ಲಿ ಸಾಗುವಾಗ ಮಲಮೂತ್ರದಿಂದ ಕದಡಿದ ನೀರಿಗೆ ಬಿಳಿಯ ಕಾಗದದ ಚೂರುಗಳನ್ನು ಬಿಟ್ಟು ನೋಡಿದರು. ಒಂದಂಗುಲ ಮುಳುಗುವ ಮೊದಲೇ ಅವು ಕಣ್ಮರೆಯಾದವು. ಲಂಡನ್ನಿನ ಪ್ರಮುಖ ಪತ್ರಿಕೆಗೆ ಈ ಕುರಿತು ಪತ್ರ ಬರೆದು, ನಿರ್ಲಕ್ಷಿಸಿದರೆ ಅನಾಹುತ ತಪ್ಪದೆಂದು ಎಚ್ಚರಿಸಿದರು. 1858ರ ಬೇಸಿಗೆಯಲ್ಲಿ ನದಿಯ ದುರ್ನಾತಕ್ಕೆ ಸಂಸತ್ತೇ ತತ್ತರಿಸಿದ ಮೇಲೆ ಒಳಚರಂಡಿ ಯೋಜನೆಗೆ ಹಣ ಬಿಡುಗಡೆಯಾಯಿತು.

1853ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಸುತ್ತ ಕುಳಿತವರು ಕೈಯಿಟ್ಟೊಡನೆ ಮೇಜು ತಾನಾಗಿಯೇ ತಿರುಗುತ್ತದೆ, ಅದಕ್ಕೆ ವಿದ್ಯುತ್ತೋ ಕಾಂತವೋ ಪ್ರೇತವೋ ಕಾರಣ ಎಂಬ ಹುಚ್ಚು ಲಂಡನ್ನನ್ನು ಆವರಿಸಿತ್ತು. ಫ್ಯಾರಡೆ ಸರಳ ಸಾಧನವೊಂದನ್ನು ರಚಿಸಿ, ಮೇಜನ್ನು ತಳ್ಳುತ್ತಿರುವುದು ಕುಳಿತವರ ಕೈಗಳೇ, ಅದು ಅವರಿಗೇ ತಿಳಿಯುತ್ತಿಲ್ಲ ಎಂಬುದನ್ನು ಸಾಬೀತುಪಡಿಸಿದರು. ಮನುಷ್ಯ ತಾನು ಬಯಸಿದ್ದನ್ನೇ ಬೇಗ ನಂಬುತ್ತಾನೆ, ಆದ್ದರಿಂದ ಪ್ರಿಯವಾದ ನಂಬಿಕೆಯನ್ನೇ ಹೆಚ್ಚು ಕಠಿಣವಾಗಿ ಪರೀಕ್ಷಿಸಬೇಕು ಎಂಬುದು ಅವರ ನಿಲುವಾಗಿತ್ತು.

ಕುರ್ಚಿಯಲ್ಲಿ ಮುಗಿದ ಬದುಕು

ಸರ್ ಪದವಿ ಬೇಡವೆಂದ ಫ್ಯಾರಡೆ, ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನೂ ನಿರಾಕರಿಸಿದರು. ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನು ನೀಡುವುದು ಮಾತ್ರ ಅವರಿಗೆ ಪ್ರಿಯವಾಗಿತ್ತು. 1827ರಿಂದ 1860ರವರೆಗೆ ಅಂಥ 19 ಉಪನ್ಯಾಸ ಮಾಲಿಕೆಗಳನ್ನು ನಡೆಸಿಕೊಟ್ಟರು. 1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ವಾಸಕ್ಕೆ ಮನೆ ನೀಡಿದರು. ನೆನಪು ಬಹುಪಾಲು ಅಳಿಸಿಹೋಗಿದ್ದ ಕೊನೆಯ ವರ್ಷಗಳಲ್ಲಿ ಸಾರಾ ಅವರ ಆರೈಕೆಯೇ ಆಸರೆಯಾಗಿತ್ತು. 1867ರ ಆಗಸ್ಟ್ 25ರಂದು ತಮ್ಮ ಓದಿನ ಕೋಣೆಯ ಕುರ್ಚಿಯಲ್ಲಿ ಕುಳಿತಂತೆಯೇ ಫ್ಯಾರಡೆ ಕೊನೆಯುಸಿರೆಳೆದರು. ರಾಜಮನೆತನದವರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯ ಬದಲು ಅವರ ಇಚ್ಛೆಯಂತೆ ಹೈಗೇಟ್ ಸ್ಮಶಾನದಲ್ಲಿ ಸರಳವಾಗಿ ಅಂತ್ಯಕ್ರಿಯೆ ನಡೆಯಿತು.

ಸುರುಳಿ ಚಿಕಿತ್ಸಾಲಯಕ್ಕೆ ಬಂದ ಬಗೆ

ಬದಲಾಗುವ ಕಾಂತಕ್ಷೇತ್ರ ತಂತಿಯಲ್ಲಿ ವಿದ್ಯುತ್ ಹುಟ್ಟಿಸುವುದಾದರೆ, ಉಪ್ಪುನೀರಿನಿಂದ ತುಂಬಿದ ಮನುಷ್ಯ ದೇಹದಲ್ಲಿ ಏಕೆ ಹುಟ್ಟಿಸಬಾರದು? ಫ್ಯಾರಡೆಯವರ ನಿಧನದ ನಂತರ ಈ ಪ್ರಶ್ನೆಯನ್ನು ಹಲವರು ಎತ್ತಿಕೊಂಡರು. 1896ರಲ್ಲಿ ಫ್ರಾನ್ಸಿನ ದಾರ್ಸೋನ್ವಾಲ್, ಬಲವಾದ ಸುರುಳಿಯೊಳಗೆ ತಲೆಯಿಟ್ಟವರಿಗೆ ಕಣ್ಣಲ್ಲಿ ಮಿಂಚು ಕಾಣುವುದನ್ನು ವರದಿ ಮಾಡಿದರು. 1965ರಲ್ಲಿ ಬಿಕ್‌ಫೋರ್ಡ್ ಮತ್ತು ಫ್ರೆಮಿಂಗ್ ಕಾಂತೀಯ ಮಿಡಿತಗಳಿಂದ ನರಗಳನ್ನು ಪ್ರಚೋದಿಸಿ ಸ್ನಾಯುಗಳನ್ನು ಅಲುಗಿಸಿದರು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಲೆಬುರುಡೆಯ ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸಿ ತೋರಿಸಿದ ಬಳಿಕ ಈ ವಿದ್ಯೆ ವೈದ್ಯಕೀಯದಲ್ಲಿ ನೆಲೆಯೂರಿತು. ಮಹಿಳೆಯರ ಮೂತ್ರ ಸೋರಿಕೆಗಾಗಿ ರೂಪಿಸಿದ ಕಾಂತೀಯ ಕುರ್ಚಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1998ರಲ್ಲಿ ಅನುಮತಿ ನೀಡಿತು.

ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳವನ್ನು ಕೆಳಗಿನಿಂದ ತೊಟ್ಟಿಲಂತೆ ಹೊತ್ತಿರುವ ಸ್ನಾಯುಗಳ ಹಾಸನ್ನು ಶ್ರೋಣಿತಳ ಎನ್ನುತ್ತಾರೆ. ಹೆರಿಗೆ, ವಯಸ್ಸು, ಬೊಜ್ಜು, ದೀರ್ಘಕಾಲದ ಕೆಮ್ಮು ಅಥವಾ ಮಲಬದ್ಧತೆಯಿಂದ ಈ ಹಾಸು ಸಡಿಲವಾದಾಗ ಹೊಟ್ಟೆಯ ಮೇಲೆ ಒತ್ತಡ ಬಿದ್ದೊಡನೆ ಮೂತ್ರ ಜಾರುತ್ತದೆ. ಕುರ್ಚಿಯ ಸುರುಳಿಯಲ್ಲಿ ವಿದ್ಯುತ್ ಸೆಕೆಂಡಿಗೆ ಹಲವು ಬಾರಿ ಮಿಡಿದಾಗ ಕಾಂತಕ್ಷೇತ್ರ ಏರಿ ಇಳಿಯುತ್ತದೆ. ಅದು ಬಟ್ಟೆ, ಚರ್ಮ, ಮೂಳೆಗಳನ್ನು ಅಡೆತಡೆಯಿಲ್ಲದೆ ದಾಟಿ ಆ ಭಾಗದ ನರಗಳಲ್ಲಿ ಪುಟ್ಟ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ನರ ಎಚ್ಚೆತ್ತಾಗ ಸ್ನಾಯು ಕುಗ್ಗುತ್ತದೆ. ಕುಳಿತವರಿಗೆ ಕೆಳಗಿನಿಂದ ಯಾರೋ ತಟ್ಟಿದಂತೆ, ಸ್ನಾಯು ತಾನಾಗಿಯೇ ಬಿಗಿಯುವಂತೆ ಅನಿಸುತ್ತದೆ. ಸಾಮಾನ್ಯವಾಗಿ 20 ನಿಮಿಷಗಳಷ್ಟು ಅವಧಿಯ ಈ ಚಿಕಿತ್ಸೆಯನ್ನು ವಾರಕ್ಕೆ ಎರಡು ಬಾರಿಯಂತೆ ಹಲವು ವಾರ ನೀಡುತ್ತಾರೆ.

ಫ್ಯಾರಡೆಯವರ ಮುಳ್ಳು ಕಲಿಸಿದ ಪಾಠ ಇಲ್ಲಿಯೇ ಉಪಯೋಗಕ್ಕೆ ಬರುವುದು. ನೋವು ನಿವಾರಣೆಗೆ, ಸ್ನಾಯು ಬಲಕ್ಕೆಂದು ಜಾಹೀರಾತು ಮಾಡುವ ಕಾಂತದ ಬೆಲ್ಟು, ಹಾಸಿಗೆ, ಬಳೆಗಳಲ್ಲಿರುವುದು ನಿಶ್ಚಲ ಕಾಂತ. ಸುರುಳಿಯೊಳಗೆ ಸುಮ್ಮನೆ ಬಿದ್ದ ಕಾಂತ ಮುಳ್ಳನ್ನು ಅಲುಗಿಸದಂತೆ, ಇವೂ ನರವನ್ನು ಪ್ರಚೋದಿಸಲಾರವು. ಕಾಂತೀಯ ಚಿಕಿತ್ಸೆ ಎಂಬ ಒಂದೇ ಹೆಸರಿನಡಿ ಇವೆರಡನ್ನೂ ಬೆರೆಸಿ ಮಾರುವವರ ಬಗ್ಗೆ ಎಚ್ಚರ ಅಗತ್ಯ.

ಫಲಿತಾಂಶ ಏನು?

ಮೇಜು ತಿರುಗಿಸುವವರನ್ನು ಪರೀಕ್ಷಿಸಿದ ಫ್ಯಾರಡೆಯವರ ಮಾನದಂಡವನ್ನೇ ಈ ಕುರ್ಚಿಗೂ ಅನ್ವಯಿಸಬೇಕಾಗುತ್ತದೆ. 1999ರಲ್ಲಿ ಪ್ರಕಟವಾದ ಆರಂಭಿಕ ಅಧ್ಯಯನವೊಂದರಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಗಮನಿಸಲಾದ 50 ಮಹಿಳೆಯರ ಪೈಕಿ 17 ಮಂದಿಗೆ ಸೋರಿಕೆ ನಿಂತಿತ್ತು, 16 ಮಂದಿಗೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಪ್ಯಾಡ್ ಬೇಕಾಗಲಿಲ್ಲ. ಉಳಿದ 17 ಮಂದಿಗೆ ಅದಕ್ಕಿಂತ ಹೆಚ್ಚು ಪ್ಯಾಡ್ ಬೇಕಾಗುತ್ತಿತ್ತು. ಆದರೆ ಆ ಅಧ್ಯಯನದಲ್ಲಿ ಹೋಲಿಕೆಗೆ ಬೇರೊಂದು ಗುಂಪು ಇರಲಿಲ್ಲ.

2009ರಲ್ಲಿ ನ್ಯೂಜಿಲೆಂಡ್‌ನಲ್ಲಿ 70 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಹಾಗೂ ಇನ್ನೊಂದಕ್ಕೆ ತೋರಿಕೆಯ ಚಿಕಿತ್ಸೆ ನೀಡಿದಾಗ ಎರಡೂ ಗುಂಪುಗಳಲ್ಲಿ ಸುಧಾರಣೆ ಕಂಡಿತು, ಅವುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಮಲೇಷ್ಯಾದಿಂದ ಬಂದ ಅಧ್ಯಯನ ಬೇರೆಯೇ ಉತ್ತರ ನೀಡಿತು. ಅಲ್ಲಿ ತಲಾ 60 ಮಹಿಳೆಯರ ಎರಡು ಗುಂಪುಗಳಲ್ಲಿ, ನಿಜವಾದ ಚಿಕಿತ್ಸೆ ಪಡೆದವರಲ್ಲಿ 45 ಮಂದಿಗೂ ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ 13 ಮಂದಿಗೂ ಎರಡು ತಿಂಗಳಲ್ಲಿ ಪ್ರಯೋಜನ ಕಂಡುಬಂತು. ಭರವಸೆಯಿದೆ, ಆದರೆ ಎಲ್ಲರಿಗೂ ಫಲಿಸುವ ಪವಾಡವಲ್ಲ ಎಂಬುದು ಈ ಅಂಕಿಗಳ ಒಟ್ಟು ಸಾರಾಂಶ.

ಕುರ್ಚಿಗಿಂತ ಮೊದಲು ಖರ್ಚಿಲ್ಲದ ದಾರಿಯೊಂದಿದೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚುರಪಡಿಸಿದ ವ್ಯಾಯಾಮ ಅದು. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ಗುರುತಿಸಿ, ಅದನ್ನು ಬಿಗಿದು ಸಡಿಲಿಸುವುದನ್ನು ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ ಮಾಡಬೇಕು. ಇಂದಿಗೂ ವೈದ್ಯರು ಮೊದಲು ಸೂಚಿಸುವುದು ಇದನ್ನೇ. ಆದರೆ ಹಲವರು ಅರಿಯದೆ ಹೊಟ್ಟೆಯ ಅಥವಾ ತೊಡೆಯ ಸ್ನಾಯುವನ್ನು ಬಿಗಿಯುತ್ತಾರೆ, ಇನ್ನು ಕೆಲವರಿಗೆ ಸ್ನಾಯು ತೀರಾ ದುರ್ಬಲವಾಗಿ ಬಿಗಿಯಲು ಆಗುವುದೇ ಇಲ್ಲ. ಅಂಥವರಿಗೆ ಕುರ್ಚಿ ನೆರವಾಗಬಹುದು. ಪೇಸ್‌ಮೇಕರ್ ಅಳವಡಿಸಿಕೊಂಡವರು, ಸೊಂಟದ ಭಾಗದಲ್ಲಿ ಲೋಹದ ಸಾಧನ ಇರುವವರು ಮತ್ತು ಗರ್ಭಿಣಿಯರಿಗೆ ಈ ಚಿಕಿತ್ಸೆ ಸಲ್ಲದು. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಮುಂತಾದ ಬೇರೆ ಕಾರಣಗಳಿಲ್ಲವೆಂದು ವೈದ್ಯರು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ಈ ಎಲ್ಲ ಚಿಕಿತ್ಸೆಗಳಿಗೂ ಮೊದಲಿನ ಮೆಟ್ಟಿಲು ಒಂದೇ, ತೊಂದರೆಯನ್ನು ಬಾಯಿಬಿಟ್ಟು ಹೇಳುವುದು. ತನ್ನ ಮರೆವನ್ನು ಮುಚ್ಚಿಡದೆ ಹೇಳಿಕೊಂಡು, ಅದರ ನಡುವೆಯೇ ದುಡಿದ ಕಮ್ಮಾರನ ಮಗ ಕಂಡುಹಿಡಿದ ನಿಯಮ ಇಂದು ಆಸನವೊಂದರ ಕೆಳಗೆ ಮಿಡಿಯುತ್ತಿದೆ. ಆ ಆಸನದವರೆಗೆ ನಡೆದುಬರಲು ಅಡ್ಡಿಯಾಗಿರುವುದು ನಾಚಿಕೆ. ಅಮ್ಮನೋ ಅತ್ತೆಯೋ ಪ್ರಯಾಣಕ್ಕೆ ಹಿಂಜರಿದಾಗ, ಮದುವೆಗೆ ಬರಲಾರೆನೆಂದಾಗ ಕಾರಣವನ್ನು ಮೆಲ್ಲಗೆ ಕೇಳುವ ಒಬ್ಬರು ಮನೆಯಲ್ಲಿದ್ದರೆ ಅರ್ಧ ಚಿಕಿತ್ಸೆ ಅಲ್ಲಿಯೇ ಆರಂಭವಾದಂತೆ.